ಹಿಮದಾಗ ಜೀಪು, ಎರಿಯಾಗ ಟ್ರ್ಯಾಕ್ಟರ್

ಹೋದ ಚಳಿಗಾಲದ ಒಂದು ರಾತ್ರಿ. ಮರುದಿನ ಇಂಟರ್ನಲ್ ಇತ್ತು. ಆದರೂ ಊಟ ಮುಗಿಸಿ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು ಒಂದೇ ಮೊಬೈಲ್ ಹಿಡಿದು ಕೂತಿದ್ವಿ. ಒಬ್ಬ ಆಳಂದದವ, ಒಬ್ಬ ಅಫಜಲಪುರದವ, ನಾನು ಜೇವರ್ಗಿ ಕಡೆಯವ. ಸ್ಕ್ರೀನ್ ಮೇಲೆ ಹಿಮಾಚಲದ ಸ್ಪಿತಿ ಕಣಿವೆ. ಆಫ್-ರೋಡ್ ಕ್ಲಬ್ ಒಂದರ ಏಳೆಂಟು ಜೀಪುಗಳು ಸಾಲಾಗಿ ಹಿಮದ ದಾರಿ ಹತ್ತುತ್ತಿದ್ದವು. ಒಂದು ಜೀಪು ಸಿಕ್ಕಿಕೊಂಡಿತು. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ತಿರುಗಿ ಹಿಮ ಹಾರುತ್ತಿತ್ತು, ಗಾಡಿ ಮಾತ್ರ ಅಲ್ಲೇ.

"ನಾವು ಯಾವಾಗ ಹೋಗೋಣಪಾ ಇಂಥಲ್ಲಿ? ನಮ್ಮಲ್ಲಿ ಬಿಸಿಲು ಬಿಟ್ರ ಏನದ?" ಅಂದ ಆಳಂದದ ಗೆಳೆಯ.

ಭಾನುವಾರ ಊರಿಗೆ ಹೋದಾಗ ಅದೇ ವಿಡಿಯೋ ನಮ್ಮ ಕಾಕಾಗೆ ತೋರಿಸಿದೆ. ಕಾಕಾ ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಹೊಡೆಯೋರು. ಹಿಮ ಕಂಡವರಲ್ಲ. ಸುಮ್ಮನೆ ನೋಡಿ ಹೇಳಿದ್ರು: "ಆ ಹುಡುಗ ಸುಮ್ನ ರೇಸ್ ಮಾಡ್ಲತ್ತಾನ ತಮ್ಮಾ. ಗಾಲಿ ಹುಗಿಲತ್ತದ, ಅವಗ ತಿಳಿವಲ್ದು. ಮಳಿಗಾಲದಾಗ ನಮ್ಮ ಎರಿ ಹೊಲಕ್ಕ ಬಾ ಅನ್ನು, ಕಲಸ್ತೀನಿ."

ಆಗ ನಕ್ಕೆ. ಆಮೇಲೆ ಪುಸ್ತಕ ತೆಗೆದು ಲೆಕ್ಕ ಹಾಕಿ ನೋಡಿದಾಗ, ಕಾಕಾ ಹೇಳಿದ್ದು ಬರೀ ಜಂಬದ ಮಾತಲ್ಲ ಅಂತ ಗೊತ್ತಾಯ್ತು. ಹಿಮದ ಮೇಲೆ ಗಾಡಿ ಓಡಿಸೋದಕ್ಕೂ ನಮ್ಮ ಕರಿ ಎರೆಯಲ್ಲಿ ಟ್ರ್ಯಾಕ್ಟರ್ ಹೊಡೆಯೋದಕ್ಕೂ ಅಡಿಯಲ್ಲಿರೋ ವಿಜ್ಞಾನ ಬಹುತೇಕ ಒಂದೇ. ಎಲ್ಲಿ ಒಂದೇ, ಎಲ್ಲಿ ಬೇರೆ ಅನ್ನೋದೇ ಈ ಲೇಖನ.

ನಮ್ಮ ನೆಲದ ಗುಣ

ಕಲಬುರಗಿ ಜಿಲ್ಲೆಯ ನೆಲ ಬಹುಪಾಲು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲು ಸವೆದು ಆದ ಕಪ್ಪು ಮಣ್ಣು. ತೊಗರಿ, ಜೋಳ, ಹತ್ತಿ ಬೆಳೆಯೋದು ಇದರಲ್ಲೇ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೇಳೆಗೆ ರುಚಿ ಕೊಟ್ಟಿದ್ದೂ ಈ ಮಣ್ಣೇ ಅಂತಾರೆ. ಆದರೆ ರೈತನಿಗೆ ಅನ್ನ ಕೊಡೋ ಮಣ್ಣು ಡ್ರೈವರ್‌ಗೆ ಕಾಟ ಕೊಡ್ತದೆ.

ಕಾರಣ ಅದರೊಳಗಿನ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ. ಇದು ಇಸ್ಪೀಟ್ ಎಲೆ ಜೋಡಿಸಿಟ್ಟಂಗೆ ಪದರ ಪದರವಾಗಿ ಇರ್ತದೆ. ಮಳೆ ಬಿದ್ದಾಗ ನೀರು ಪದರಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಅದೇ ನೀರು ಹೋಗಿ ಮಣ್ಣು ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡ್ತದೆ. ಏಪ್ರಿಲ್‌ನಲ್ಲಿ ಸಲಿಕೆ ಇಳಿಯದ ಹೊಲ ಜುಲೈನಲ್ಲಿ ಚಪ್ಪಲಿ ಕಿತ್ಕೊಳ್ತದೆ. ಒಳಗೆ ಹೋದ ನೀರು ಬೇಗ ಹೊರಗೆ ಬರೋದಿಲ್ಲ ಅನ್ನೋದು ಇನ್ನೊಂದು ತೊಂದರೆ. ಗಾಲಿ ಮೇಲೆ ಹತ್ತಿ ಒತ್ತಿದಾಗ ಮರಳಿನಲ್ಲಾದರೆ ನೀರು ಪಕ್ಕಕ್ಕೆ ಸರಿದು ಕಣಗಳು ಗಟ್ಟಿಯಾಗಿ ಕೂಡ್ತವೆ. ಎರೆಯಲ್ಲಿ ನೀರಿಗೆ ಸರಿಯೋಕೆ ಸಮಯವೇ ಸಿಗೋದಿಲ್ಲ. ಮಣ್ಣು ಬೆಣ್ಣೆಯಂತೆ ಜಾರಿಬಿಡ್ತದೆ.

ಮೂವರು ಗೆಳೆಯರ ಊರಿನಲ್ಲೂ ಕಥೆ ಸ್ವಲ್ಪ ಬೇರೆ. ಆಳಂದದವನ ಹೊಲದಲ್ಲಿ ಒಂದು ಗೇಣು ಎರೆಯ ಕೆಳಗೆ ಗಟ್ಟಿ ಮುರುಮು ಸಿಗ್ತದೆ. ಅಫಜಲಪುರದವನ ಹೊಲ ಭೀಮಾ ದಂಡೆಗೆ ಹತ್ತಿರ. ಅಲ್ಲಿ ಕಬ್ಬಿನ ಟ್ರಾಲಿ ಇಳಿದರೆ ಅಚ್ಚು ತನಕ ಹೋಗ್ತದೆ. ನಮ್ಮ ಜೇವರ್ಗಿ ಕಡೆ ಹೊಲದ್ದು ಆಳವಾದ ಎರೆ, ತಳ ಸಿಗೋದೇ ಇಲ್ಲ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರ್ತದೆ, ನೆನಪಿಡಿ.

ಹಿಮ ಅಂದ್ರೆ ಒಂದೇ ಅಲ್ಲ

ನಾವು ಸಿನಿಮಾದಲ್ಲಿ ನೋಡೋ ಹಿಮ ಎಲ್ಲಾ ಒಂದೇ ಬಿಳಿ. ಡ್ರೈವರ್‌ಗೆ ಅದು ನಾಲ್ಕೈದು ಬೇರೆ ಬೇರೆ ನೆಲ. ಹೊಸದಾಗಿ ಬಿದ್ದ ಹಿಮ ಹತ್ತಿಯಂಗೆ, ಒತ್ತಿದರೆ ಕುಗ್ಗಿ ಸ್ವಲ್ಪ ಗಟ್ಟಿಯಾಗ್ತದೆ. ಗಾಡಿ ಓಡಾಡಿ ತುಳಿದ ಹಿಮ ಸಿಮೆಂಟ್ ನೆಲದಂಗೆ, ಆದರೆ ನುಣುಪು. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ನಮ್ಮ ರಾಡಿಯಂಥದೇ. ಸಂಜೆಗೆ ಅದೇ ನೀರು ಮತ್ತೆ ಹೆಪ್ಪುಗಟ್ಟಿದರೆ ಮಂಜುಗಡ್ಡೆ. ಎಲ್ಲಕ್ಕಿಂತ ಅಪಾಯದ್ದು ಡಾಂಬರಿನ ಮೇಲೆ ತೆಳ್ಳಗೆ ಗಾಜಿನಂತೆ ಕೂತಿರೋ ಗಡ್ಡೆ. ಕೆಳಗಿನ ಕಪ್ಪು ರಸ್ತೆ ಹಾಗೇ ಕಾಣ್ತದೆ, ಗಡ್ಡೆ ಕಣ್ಣಿಗೆ ಬೀಳೋದಿಲ್ಲ.

ರೋಹ್ತಾಂಗ್ ಪಾಸ್ ಸಮುದ್ರ ಮಟ್ಟದಿಂದ 3,978 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಅದು ಮುಚ್ಚಿಹೋದರೆ ಆಚೆಯ ಲಾಹೌಲ್ ತಿಂಗಳುಗಟ್ಟಲೆ ಕಡಿದುಹೋಗ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ಕಷ್ಟ ಬಹಳ ಕಡಿಮೆಯಾಯ್ತು. ಜನವರಿ-ಫೆಬ್ರವರಿಯಲ್ಲೂ ಗಾಡಿಗಳು ಆ ಕಡೆ ದಾಟಬಹುದು. ಹಾಗಾಗಿ ಹಿಮ ಕಂಡೇ ಇರದ ನಮ್ಮಂಥವರೂ ಈಗ ನೇರ ಅದರ ಮೇಲೆ ಗಾಡಿ ಇಳಿಸ್ತಾರೆ. ಕಲಿಯದೆ ಇಳಿಸೋದೇ ಸಮಸ್ಯೆ.

ಹಿಡಿತದ ಲೆಕ್ಕ

ಗಾಡಿ ಮುಂದಕ್ಕೆ ಹೋಗೋದು ಎಂಜಿನ್ ಬಲದಿಂದ ಅಂತ ನಾವು ಅನ್ಕೋತೀವಿ. ಅರ್ಧ ಮಾತ್ರ ಸರಿ. ಎಂಜಿನ್ ಎಷ್ಟೇ ತಳ್ಳಲಿ, ಗಾಲಿ ಕೆಳಗಿನ ನೆಲ ತಡೆದುಕೊಳ್ಳುವಷ್ಟೇ ಬಲ ಸಿಗೋದು. ಅದಕ್ಕಿಂತ ಹೆಚ್ಚಾದರೆ ನೆಲವೇ ಕತ್ತರಿಸಿ ಹೋಗ್ತದೆ, ಗಾಲಿ ಸುಮ್ಮನೆ ಸುತ್ತುತ್ತದೆ.

ಸಿವಿಲ್‌ನವರಿಗೆ ಕೂಲಂಬ್ ಸಮೀಕರಣ ಗೊತ್ತು. ಗಾಡಿಯ ಭಾಷೆಗೆ ತಂದರೆ ಹೀಗೆ:

ಗರಿಷ್ಠ ಹಿಡಿತ = ಗಾಲಿ ನೆಲ ಮುಟ್ಟುವ ವಿಸ್ತೀರ್ಣ × ಕೊಹೆಷನ್ + ಗಾಡಿಯ ತೂಕ × ಒಳಘರ್ಷಣೆಯ ಗುಣಾಂಕ

ಕೊಹೆಷನ್ ಅಂದ್ರೆ ಮಣ್ಣಿನ ಕಣಗಳು ಒಂದನ್ನೊಂದು ಅಂಟಿ ಹಿಡಿದುಕೊಂಡಿರೋ ಬಲ. ಒಳಘರ್ಷಣೆ ಅಂದ್ರೆ ಕಣ ಕಣ ಉಜ್ಜಿಕೊಂಡು ತಡೆಯೋ ಗುಣ. ಒಣ ಮರಳಿನಲ್ಲಿ ಮೊದಲನೇ ಭಾಗ ಹತ್ತಿರ ಹತ್ತಿರ ಸೊನ್ನೆ, ಎರಡನೇದೇ ಎಲ್ಲ. ಪೂರ್ತಿ ನೆನೆದ ಎರೆಯಲ್ಲಿ ಇದು ಉಲ್ಟಾ. ಎರಡನೇ ಭಾಗ ಹೆಚ್ಚುಕಡಿಮೆ ಸೊನ್ನೆ, ಮೊದಲನೇದೇ ಎಲ್ಲ. ಅಂದ್ರೆ ಅಷ್ಟೇ ವಿಸ್ತೀರ್ಣದ ಮೇಲೆ ಇನ್ನಷ್ಟು ತೂಕ ಹೇರಿದರೆ ಎರೆ ಹೆಚ್ಚು ಹಿಡಿತ ಕೊಡೋದಿಲ್ಲ, ಗಾಲಿ ಮಾತ್ರ ಇನ್ನಷ್ಟು ಇಳಿಯುತ್ತದೆ. ಟ್ರಾಲಿ ಸಿಕ್ಕಾಗ "ನಾಲ್ಕ್ ಮಂದಿ ಹಿಂದ ಹತ್ತ್ರಿ" ಅನ್ನೋರು ಇದ್ದಾರೆ. ಮರಳಿನಲ್ಲಿ ಆ ಉಪಾಯ ನಡೀಬಹುದು, ಎರೆಯಲ್ಲಿ ನಡೆಯೋದಿಲ್ಲ. ಹಿಮದಲ್ಲಿ ಎರಡೂ ಭಾಗ ಇವೆ. ಎಷ್ಟೆಷ್ಟು ಅನ್ನೋದು ಹಿಮದ ವಯಸ್ಸು, ತಂಪಿನ ಮೇಲೆ ಬದಲಾಗ್ತಾ ಹೋಗ್ತದೆ.

ಈ ಲೆಕ್ಕವನ್ನ ಗಾಡಿಗಳಿಗೆ ಹೊಂದಿಸಿ ಒಂದು ಶಾಸ್ತ್ರವನ್ನಾಗಿ ಬೆಳೆಸಿದವರಲ್ಲಿ ಎಂ. ಜಿ. ಬೆಕ್ಕರ್ ಮುಖ್ಯರು. 1956ರಲ್ಲಿ ಅವರ ಪುಸ್ತಕ ಬಂತು. ಚಂದ್ರನ ಮೇಲೆ ಓಡಿದ ರೋವರ್‌ನ ಗಾಲಿಗಳ ಹಿಂದೆಯೂ ಅವರ ಕೆಲಸ ಇದೆ. ಎರೆ, ಹಿಮ, ಚಂದ್ರನ ಧೂಳು ಮೂರಕ್ಕೂ ಅದೇ ಲೆಕ್ಕ.

ಗಾಳಿ ಯಾಕೆ ಇಳಿಸ್ತಾರೆ?

ಹಿಮದ ದಾರಿ ಶುರುವಾಗೋ ಮೊದಲು ಕ್ಲಬ್‌ನವರು ಗಾಡಿ ನಿಲ್ಲಿಸಿ ಟೈರಿನ ಗಾಳಿ ಬಿಡ್ತಾರೆ. ನೋಡಿದವರಿಗೆ ವಿಚಿತ್ರ ಅನಿಸ್ತದೆ. ಲೆಕ್ಕ ನೋಡಿ.

ಜನ, ಸಾಮಾನು ಸೇರಿ 1,600 ಕೆ.ಜಿ. ತೂಕದ ಜೀಪು ಅನ್ನೋಣ. ಒಂದು ಗಾಲಿಗೆ 400 ಕೆ.ಜಿ. ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದ್ದರೆ, ಅದು ನೆಲದ ಮೇಲೆ ಸುಮಾರು 207 ಕಿಲೊಪ್ಯಾಸ್ಕಲ್ ಒತ್ತಡ ಹಾಕ್ತದೆ. ಮುಟ್ಟೋ ಜಾಗ ಸುಮಾರು 190 ಚದರ ಸೆಂ.ಮೀ., ಎ4 ಹಾಳೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಗಾಳಿಯನ್ನ 18 ಪಿಎಸ್‌ಐಗೆ ಇಳಿಸಿದರೆ ಒತ್ತಡ 124 ಕಿಲೊಪ್ಯಾಸ್ಕಲ್, ಮುಟ್ಟೋ ಜಾಗ 316 ಚದರ ಸೆಂ.ಮೀ., ಅಂದ್ರೆ ಅರ್ಧ ಎ4 ಹಾಳೆ. ಟೈರಿನ ಪಕ್ಕೆಯೂ ಸ್ವಲ್ಪ ತೂಕ ಹೊರೋದರಿಂದ ನಿಜವಾದ ಅಂಕಿ ಒಂಚೂರು ಆಚೆ ಈಚೆ ಆಗ್ತದೆ.

ಈಗ ಕೊಹೆಷನ್ 25 ಕಿಲೊಪ್ಯಾಸ್ಕಲ್ ಇರೋ ಮೆತ್ತನೆ ಜೇಡಿ ಮಣ್ಣನ್ನ ಉದಾಹರಣೆಗೆ ಹಿಡಿಯೋಣ. 30 ಪಿಎಸ್‌ಐ ಇದ್ದಾಗ ನಾಲ್ಕು ಗಾಲಿ ಸೇರಿ ಸಿಗೋ ಹಿಡಿತ ಸುಮಾರು 190 ಕೆ.ಜಿ. ಬಲ. 18 ಪಿಎಸ್‌ಐ ಇದ್ದಾಗ ಸುಮಾರು 320 ಕೆ.ಜಿ. ಬಲ. ಅದೇ ಎಂಜಿನ್, ಅದೇ ಟೈರು. ಇನ್ನೊಂದು ಲಾಭವೂ ಇದೆ. ಇಂಥ ಜೇಡಿ ನೆಲ ತಡೆಯೋದು ಕೊಹೆಷನ್‌ನ ಸುಮಾರು ಆರು ಪಟ್ಟು ಒತ್ತಡ, ಅಂದ್ರೆ ಇಲ್ಲಿ 150 ಕಿಲೊಪ್ಯಾಸ್ಕಲ್. 207 ಆದರೆ ಗಾಲಿ ಒಳಗೆ ಇಳಿಯುತ್ತದೆ. 124 ಆದರೆ ಮೇಲೆ ನಿಲ್ತದೆ.

ಹಾಗಂತ ಪೂರ್ತಿ ಗಾಳಿ ಬಿಡಬಾರದು. ಗಾಳಿ ಬಹಳ ಕಡಿಮೆಯಾದರೆ ತಿರುಗಿಸುವಾಗ ಟೈರು ರಿಮ್ಮಿನಿಂದ ಕಳಚಿಕೊಳ್ತದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಇಲ್ಲದಿದ್ದರೆ ಟೈರು ಕಾಯ್ದು ಒಡೀತದೆ. ಹಾಗಾಗಿ ಗಾಳಿ ತುಂಬೋ ಪಂಪು ಗಾಡಿಯಲ್ಲಿ ಇಲ್ಲದಿದ್ದರೆ ಗಾಳಿ ಇಳಿಸೋ ಯೋಚನೆಯೇ ಬೇಡ.

ಅಗಲ ಟೈರು ಒಳ್ಳೇದೋ, ಸಣ್ಣದೋ ಅಂತ ಹಿಮದವರ ನಡುವೆ ವಾದ ಇದೆ. ಉತ್ತರ ನಮ್ಮ ಮೂವರ ಹೊಲದಲ್ಲಿದೆ. ಆಳಂದದ ಗೆಳೆಯನ ಹೊಲದಂತೆ ಕೆಳಗೆ ಗಟ್ಟಿ ತಳ ಇದ್ದರೆ ಸಣ್ಣ ಗಾಲಿ ಮೇಲಿನ ಕೆಸರು ಸೀಳಿ ಮುರುಮು ಮುಟ್ಟುತ್ತದೆ. ಹಳೇ ಎತ್ತಿನ ಬಂಡಿಯ ಎತ್ತರದ, ಸಣ್ಣ ಅಂಚಿನ ಗಾಲಿ ಹೀಗೇ ಕೆಲಸ ಮಾಡ್ತಿತ್ತು. ಡಾಂಬರಿನ ಮೇಲೆ ನಾಲ್ಕು ಬೆರಳು ಹಿಮ ಇದ್ದಾಗಲೂ ಹಾಗೇ. ಆದರೆ ನಮ್ಮ ಜೇವರ್ಗಿಯ ಹೊಲದಂತೆ ತಳವೇ ಸಿಗದಿದ್ದರೆ, ಅಥವಾ ಸೊಂಟದವರೆಗೆ ಹಿಮ ಇದ್ದರೆ, ಸೀಳಿ ಮುಟ್ಟೋಕೆ ಏನೂ ಇಲ್ಲ. ತೇಲಬೇಕು. ಅಲ್ಲಿ ಅಗಲ ಬೇಕು. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕೋದು ಇದಕ್ಕೇ.

ಒಂದು ಕಡೆ ಮಾತ್ರ ಎರೆ ಮತ್ತು ಹಿಮ ಪೂರ್ತಿ ಬೇರೆ. ಎರೆ ಟೈರಿನ ಹಲ್ಲಿನಲ್ಲಿ ತುಂಬಿದರೆ ಟೈರು ಬೋಳು ಗುಂಡಾಗ್ತದೆ, ಹಿಡಿತ ಹೋಗ್ತದೆ. ಅದಕ್ಕೇ ಟ್ರ್ಯಾಕ್ಟರ್ ಟೈರಿನ ಹಲ್ಲುಗಳ ನಡುವೆ ಅಷ್ಟು ಜಾಗ, ಮಣ್ಣು ತಾನಾಗಿ ಉದುರಲಿ ಅಂತ. ಹಿಮದ ಟೈರು ಇದಕ್ಕೆ ವಿರುದ್ಧ. ಹಿಮ ಹಿಮಕ್ಕೆ ಅಂಟುತ್ತದೆ. ಹಾಗಾಗಿ ಆ ಟೈರಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನ ಬೇಕಂತಲೇ ಹಿಡಿದಿಟ್ಟುಕೊಳ್ತವೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಸಾಮಾನ್ಯ ರಬ್ಬರು ಗಟ್ಟಿಯಾಗೋದರಿಂದ, ತಂಪಿನಲ್ಲೂ ಮೆತ್ತಗೆ ಉಳಿಯೋ ರಬ್ಬರಿನಿಂದ ಅದನ್ನ ಮಾಡಿರ್ತಾರೆ. ಮಂಜುಗಡ್ಡೆಗೆ ಅದೂ ಸಾಲದು. ಗಾಲಿಗೆ ಸರಪಳಿ ಸುತ್ತಬೇಕು.

ಒಂದು ಗಾಲಿ ಸುತ್ತುತ್ತದೆ, ಇನ್ನೊಂದು ಯಾಕೆ ಸುಮ್ಮನಿರ್ತದೆ?

ಇದು ಡಿಫರೆನ್ಷಿಯಲ್‌ನ ಆಟ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು. ಹಾಗಾಗಿ ಎರಡೂ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಅದು ಅವಕಾಶ ಕೊಡ್ತದೆ. ಆದರೆ ಟಾರ್ಕ್ ಮಾತ್ರ ಎರಡಕ್ಕೂ ಸಮ. ಒಂದು ಗಾಲಿ ಕೆಸರಿನಲ್ಲಿದ್ದು ಬರೀ 50 ಭಾಗ ಬಲ ತಡೆದುಕೊಂಡರೆ, ಗಟ್ಟಿ ನೆಲದ ಮೇಲಿರೋ ಗಾಲಿಗೂ ಸಿಗೋದು 50 ಮಾತ್ರ.

ಟ್ರ್ಯಾಕ್ಟರ್‌ನಲ್ಲಿ ಇದಕ್ಕೆ ಡಿಫರೆನ್ಷಿಯಲ್ ಲಾಕ್ ಪೆಡಲ್ ಇದೆ. ಒತ್ತಿದರೆ ಎರಡೂ ಗಾಲಿ ಒಂದೇ ಅಚ್ಚಿನಂತೆ ತಿರುಗ್ತವೆ. ನೇರ ಹೋಗುವಾಗ ಮಾತ್ರ ಒತ್ತಬೇಕು. ಒತ್ತಿ ತಿರುಗಿಸಿದರೆ ಸ್ಟೇರಿಂಗ್ ಕೇಳೋದಿಲ್ಲ, ಗೇರು ಮುರೀತದೆ.

ಕಾಕಾನ ಹಳೇ ಟ್ರ್ಯಾಕ್ಟರ್‌ನಲ್ಲಿ ಆ ಲಾಕ್ ಕೆಟ್ಟು ಬಹಳ ದಿನ ಆಯ್ತು. ಅವರು ಬೇರೆ ದಾರಿ ಹಿಡಿತಾರೆ. ಟ್ರ್ಯಾಕ್ಟರ್‌ಗೆ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಪೆಡಲ್ ಇರ್ತದಲ್ಲ? ಸುಮ್ಮನೆ ಸುತ್ತೋ ಗಾಲಿಯ ಬ್ರೇಕನ್ನ ಮಾತ್ರ ಮೆಲ್ಲಗೆ ಒತ್ತುತ್ತಾರೆ. ಆ ಗಾಲಿಗೆ ತಡೆ ಹೆಚ್ಚಾದ್ದರಿಂದ, ಸಮ ಟಾರ್ಕ್‌ನ ನಿಯಮದಂತೆ ಆ ಕಡೆಯ ಗಾಲಿಗೂ ಅಷ್ಟೇ ಹೆಚ್ಚು ಟಾರ್ಕ್ ಹೋಗ್ತದೆ, ಗಾಡಿ ಮೇಲೆ ಬರ್ತದೆ. ಇವತ್ತಿನ ಎಸ್‌ಯುವಿಗಳಲ್ಲಿ ಎಲೆಕ್ಟ್ರಾನಿಕ್ ಟ್ರ್ಯಾಕ್ಷನ್ ಕಂಟ್ರೋಲ್ ಅಂತ ಜಾಹೀರಾತು ಮಾಡ್ತಾರಲ್ಲ, ಅದರ ಕೆಲಸವೂ ಇದೇ. ಸೆನ್ಸರ್ ನೋಡಿ ಕಂಪ್ಯೂಟರ್ ಒತ್ತೋ ಬ್ರೇಕನ್ನ ಕಾಕಾ ಕಿವಿಯಿಂದ ಕೇಳಿ ಕಾಲಿಂದ ಒತ್ತುತ್ತಾರೆ. ಹೊಲ ಬಿಟ್ಟು ರಸ್ತೆಗೆ ಬಂದಾಗ ಮಾತ್ರ ಎರಡೂ ಪೆಡಲನ್ನ ಕೊಂಡಿ ಹಾಕಿ ಒಂದು ಮಾಡಲೇಬೇಕು. ವೇಗದಲ್ಲಿ ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಮಗುಚ್ತದೆ.

ಲಾಕ್ ಇರಲಿ, ಬ್ರೇಕ್ ಇರಲಿ, ಕೊನೆಗೆ ಬಲಗಾಲು ಹಗುರ ಇರಬೇಕು. ಗಾಲಿ ಸುಮ್ಮನೆ ಸುತ್ತಿದಷ್ಟೂ ಎರೆ ನಾದಿದ ಹಿಟ್ಟಿನಂತೆ ಇನ್ನಷ್ಟು ಸಡಿಲ ಆಗ್ತದೆ. ಹಿಮದಲ್ಲಾದರೆ ಆ ಬಿಸಿಗೆ ಕರಗಿ, ಗಾಲಿ ಕೆಳಗೆ ಗಡ್ಡೆಯ ಗುಳಿ ಆಗ್ತದೆ. ವಿಡಿಯೋದ ಹುಡುಗನಿಗೆ ತಿಳಿಯದೆ ಹೋದದ್ದು ಇದೇ.

ನಿಲ್ಲೋದು ಹೋಗೋದಕ್ಕಿಂತ ಕಷ್ಟ

ಫೋರ್ ವೀಲ್ ಡ್ರೈವ್ ಹೋಗೋಕೆ ಸಹಾಯ ಮಾಡ್ತದೆ, ನಿಲ್ಲೋಕೆ ಅಲ್ಲ. ಬ್ರೇಕ್ ಎಲ್ಲಾ ಗಾಡಿಯಲ್ಲೂ ನಾಲ್ಕೂ ಗಾಲಿಗೇ ಇರೋದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದ ಮೇಲೆ ಗಾಡಿ ಎಷ್ಟು ದೂರ ಹೋಗ್ತದೆ? ಒಣ ಡಾಂಬರಿನ ಮೇಲೆ ಘರ್ಷಣಾ ಗುಣಾಂಕ 0.7 ಅಂತ ಹಿಡಿದರೆ 9 ಮೀಟರ್. ತುಳಿದ ಹಿಮದ ಮೇಲೆ 0.2 ಅಂದರೆ 31 ಮೀಟರ್. ಮಂಜುಗಡ್ಡೆ ಮೇಲೆ 0.1 ಅಂದರೆ 63 ಮೀಟರ್. ಡ್ರೈವರ್ ಎಚ್ಚೆತ್ತು ಕಾಲಿಡೋವರೆಗಿನ ದೂರ ಇದರಲ್ಲಿ ಸೇರಿಲ್ಲ.

ನಮ್ಮಲ್ಲಿ ಇಲ್ಲದ ಇನ್ನೊಂದು ಅಪಾಯ ಇಳಿಜಾರು. ಕಲಬುರಗಿ 454 ಮೀಟರ್ ಎತ್ತರದ ಬಯಲು ನಾಡು. ಇಲ್ಲಿ ಗಾಡಿ ಜಾರಿದರೆ ಪಕ್ಕದ ತೊಗರಿ ಸಾಲಿಗೆ ಹೋಗ್ತದೆ. ಹಿಮಾಲಯದಲ್ಲಿ ಪಕ್ಕಕ್ಕೆ ಇರೋದು ಕಂದಕ. ಗುಣಾಂಕ 0.1 ಇದ್ದರೆ 6 ಡಿಗ್ರಿ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿಯೂ ತಾನಾಗಿ ಜಾರೋಕೆ ಶುರು ಮಾಡ್ತದೆ. ತುಳಿದ ಹಿಮದಲ್ಲಿ ಆ ಮಿತಿ ಸುಮಾರು 11 ಡಿಗ್ರಿ. ಅದಕ್ಕೇ ಇಳಿಯುವಾಗ ಲೋ ರೇಂಜ್, ಮೊದಲನೇ ಗೇರು ಹಾಕಿ ಎಂಜಿನ್‌ನಿಂದಲೇ ಗಾಡಿಯನ್ನ ತಡೆದು ಇಳಿಸ್ತಾರೆ, ಬ್ರೇಕನ್ನ ಮುಟ್ಟಿದರೂ ಹೂವಿನಂತೆ ಮುಟ್ಟುತ್ತಾರೆ.

ಸಿಕ್ಕೊಂಡಾಗ

ಇಲ್ಲಿಗೆ ಬಂದಾಗ ಸ್ವಲ್ಪ ನಿಧಾನ ಓದಿ. ಜೀವ ಹೋಗೋದು ಸಿಕ್ಕೊಂಡಾಗ ಅಲ್ಲ, ಎಳೆಯುವಾಗ.

ಎರಡು ವರ್ಷದ ಹಿಂದೆ ಜುಲೈನಲ್ಲಿ ನಮ್ಮ ಊರಿನ ಹಾದಿಯಲ್ಲಿ ಗೊಬ್ಬರದ ಚೀಲ ತುಂಬಿದ ಟ್ರಾಲಿ ಸಿಕ್ಕಿಬಿತ್ತು. ಎಳೆಯೋಕೆ ಕಾಕಾನ ಕರೆದರು. ಕತ್ತಲಾಗ್ತಿತ್ತು, ಮಳೆ ಮತ್ತೆ ಬರೋ ಹಾಗಿತ್ತು, ಎಲ್ಲರಿಗೂ ಅವಸರ. ಯಾರೋ ಸರಪಳಿಯನ್ನ ಕೆಳಗಿನ ಡ್ರಾಬಾರ್‌ಗೆ ಕಟ್ಟೋದು ಬಿಟ್ಟು ಮೇಲೆ ಟಾಪ್ ಲಿಂಕ್ ಜಾಗಕ್ಕೆ ಸಿಕ್ಕಿಸಿದರು. ಕಾಕಾ ಕ್ಲಚ್ ಬಿಟ್ಟದ್ದೇ ತಡ, ಟ್ರ್ಯಾಕ್ಟರ್‌ನ ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದೆ ಮಟ್ಟಕ್ಕೆ ಎದ್ದವು. ಕಾಕಾ ಕ್ಲಚ್ ಒತ್ತಿದರು. ಮುಂಭಾಗ ದಪ್ಪನೆ ಕೆಳಗೆ ಬಿತ್ತು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಕಾಕಿ ಕೇಳಿದರೆ "ಏನಿಲ್ಲ, ಹಸಿವಿಲ್ಲ" ಅಂದ್ರು.

ಆಗಿದ್ದು ಏನು ಅಂತ ನನಗೆ ಥಿಯರಿ ಆಫ್ ಮಷಿನ್ಸ್ ಓದಿದ ಮೇಲೆ ತಿಳೀತು. ಎಂಜಿನ್ ಹಿಂದಿನ ಗಾಲಿಯನ್ನ ತಿರುಗಿಸೋಕೆ ನೋಡ್ತದೆ. ಗಾಲಿ ತಿರುಗದಿದ್ದರೆ ಅದೇ ಟಾರ್ಕ್ ಟ್ರ್ಯಾಕ್ಟರ್‌ನ ಮೈಯನ್ನೇ ಅಚ್ಚಿನ ಸುತ್ತ ಹಿಂದಕ್ಕೆ ಎತ್ತುತ್ತದೆ. ಸರಪಳಿ ಅಚ್ಚಿಗಿಂತ ಮೇಲೆ ಕಟ್ಟಿದ್ದರೆ ಎಳೆತವೂ ಹಿಂದಕ್ಕೇ ಮಗುಚ್ತದೆ. ಅಚ್ಚಿಗಿಂತ ಕೆಳಗೆ ಕಟ್ಟಿದ್ದರೆ ಅದೇ ಎಳೆತ ಮುಂಭಾಗವನ್ನ ನೆಲಕ್ಕೆ ಒತ್ತುತ್ತದೆ. ಟ್ರ್ಯಾಕ್ಟರ್ ಪೂರ್ತಿ ಹಿಂದಕ್ಕೆ ಮಗುಚೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು. ಮುಕ್ಕಾಲು ಸೆಕೆಂಡ್ ದಾಟಿದ ಮೇಲೆ ಕ್ಲಚ್ ಒತ್ತಿದರೂ ಉಪಯೋಗ ಇಲ್ಲ. ನಮ್ಮ ಕಾಕಾ ಉಳಿದದ್ದು ಆ ಮುಕ್ಕಾಲು ಸೆಕೆಂಡಿನ ಒಳಗೆ.

ಹಿಂದಿನ ಗಾಲಿಗೆ ಕಟ್ಟಿಗೆ ದಿಮ್ಮಿ ಕಟ್ಟಿ ಮುಂದಕ್ಕೆ ಹೊಡೆಯೋ ಪದ್ಧತಿ ಇದೆ. ಅದೂ ಇದೇ ಸಾವು. ದಿಮ್ಮಿ ಗಾಲಿಯನ್ನ ತಿರುಗದಂತೆ ಹಿಡಿದರೆ ಟ್ರ್ಯಾಕ್ಟರೇ ತಿರುಗ್ತದೆ. ಸಿಕ್ಕೊಂಡರೆ ಮೊದಲು ಟ್ರಾಲಿ ಬಿಚ್ಚಿ, ಗಾಲಿ ಮುಂದೆ ಹಿಂದೆ ಮಣ್ಣು ತೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು.

ಹಿಮದ ಕ್ಲಬ್‌ಗಳೂ ಮೊದಲು ಮುಟ್ಟೋದು ಸಲಿಕೆಯನ್ನೇ, ಹಗ್ಗವನ್ನಲ್ಲ. ಹಗ್ಗ ಯಾಕೆ ಅಪಾಯ? 30 ಕಿಲೊನ್ಯೂಟನ್ ಬಲದಲ್ಲಿ ಎಳೆದಾಗ ಹಗ್ಗ 60 ಸೆಂ.ಮೀ. ಹಿಗ್ಗಿತು ಅನ್ನೋಣ. ಅದರೊಳಗೆ ಕೂತ ಶಕ್ತಿ 9 ಕಿಲೊಜೌಲ್. 1,000 ಕೆ.ಜಿ. ತೂಕದ ಕಾರು ಗಂಟೆಗೆ 15 ಕಿ.ಮೀ. ವೇಗದಲ್ಲಿ ಗುದ್ದಿದಷ್ಟು. ಕೊಂಡಿ ಮುರಿದರೆ ಅದರ ಬಹುಪಾಲು ಹಾರಿಬರೋ ಕಬ್ಬಿಣದ ತುಂಡಿಗೆ ಹೋಗ್ತದೆ. ಹಾಗಾಗಿ ಎಳೆಯುವಾಗ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ಎಲ್ಲರೂ ಸರಿದು ನಿಲ್ಲಬೇಕು. ಹಗ್ಗದ ನಡುವೆ ದಪ್ಪ ಕಂಬಳಿ ಹಾಕಬೇಕು, ತುಂಡಾದರೆ ಅದು ಕೆಳಕ್ಕೆ ಜಗ್ಗುತ್ತದೆ. ಸೂಚನೆ ಕೊಡೋನು ಒಬ್ಬನೇ ಇರಬೇಕು. ನಮ್ಮ ಊರಲ್ಲಿ ಟ್ರಾಲಿ ಸಿಕ್ಕರೆ ಸೂಚನೆ ಕೊಡೋರು ಇಪ್ಪತ್ತು ಮಂದಿ, ಅವರೆಲ್ಲಾ ನಿಲ್ಲೋದು ಸರಪಳಿ ಪಕ್ಕದಲ್ಲೇ. ಚಿಕ್ಕ ಹುಡುಗರು ಇನ್ನೂ ಹತ್ತಿರ.

ಕ್ಲಬ್ ಯಾಕೆ ಬೇಕು?

ಹಿಮದಲ್ಲಿ ಒಂಟಿ ಗಾಡಿ ಹೋಗಬಾರದು ಅನ್ನೋದು ಎಲ್ಲಾ ಕ್ಲಬ್‌ಗಳ ಮೊದಲ ನಿಯಮ. ಮುಂದೆ ದಾರಿ ಬಲ್ಲವನ ಗಾಡಿ, ಕೊನೆಗೆ ರಿಪೇರಿ ಬಲ್ಲವನ ಗಾಡಿ, ನಡುವೆ ಹೊಸಬರು. ಪ್ರತಿಯೊಬ್ಬನೂ ತನ್ನ ಹಿಂದಿನ ಗಾಡಿಯನ್ನ ಕನ್ನಡಿಯಲ್ಲಿ ನೋಡ್ತಾ ಹೋಗಬೇಕು, ಕಾಣದಿದ್ದರೆ ನಿಲ್ಲಬೇಕು. ಇಷ್ಟು ಮಾಡಿದರೆ ಯಾರೂ ಹಿಂದೆ ಉಳಿಯೋದಿಲ್ಲ. ಏರಿನಲ್ಲಿ ಒಂದು ಗಾಡಿ ಪೂರ್ತಿ ಹತ್ತಿದ ಮೇಲೇ ಇನ್ನೊಂದು. ಜಾರಿ ಹಿಂದಕ್ಕೆ ಬಂದರೆ ಅಡಿಯಲ್ಲಿ ಯಾರೂ ಇರಬಾರದು.

ಹೊತ್ತಿನ ಲೆಕ್ಕವೂ ಇದೆ. ಬೆಳಿಗ್ಗೆ ಹಿಮ ಗಟ್ಟಿ ಇರುವಾಗ ಹೊರಟು, ಸಂಜೆ ನೀರು ಗಡ್ಡೆಯಾಗೋ ಮೊದಲೇ ಠಾಣ್ಯ ಸೇರ್ತಾರೆ. ಕಾಕಾ ಮಳೆಯಾದ ಮೇಲೆ ಹೊಲದ ಹದಕ್ಕೆ ಕಾಯೋದು ಇದರದ್ದೇ ಜೋಡಿ. ಹದ ನೋಡೋಕೆ ಅವರು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಬತ್ತಿಯಂತೆ ಹೊಸೀತಾರೆ. ಬತ್ತಿ ಸಣ್ಣಗಾಗ್ತಾ ಹೋದರೆ ಇನ್ನೂ ಹಸಿ, ಬಿರಿದು ಮುರಿದರೆ ಹೊಲಕ್ಕೆ ಇಳಿಯಬಹುದು. ನಮ್ಮ ಸಾಯಿಲ್ ಲ್ಯಾಬಿನಲ್ಲಿ ಐಎಸ್ 2720ರ ಐದನೇ ಭಾಗದ ಪ್ರಕಾರ ಪ್ಲಾಸ್ಟಿಕ್ ಲಿಮಿಟ್ ಅಳೆಯೋದೂ ಹೀಗೇ, 3 ಮಿ.ಮೀ. ಬತ್ತಿ ಹೊಸೆದು ಅದು ಮುರಿಯೋ ಹೊತ್ತಿನ ನೀರಿನ ಅಂಶ ನೋಡಿ. ಜರ್ನಲ್ ಬರೆಯುವಾಗ ಇದು ಎಲ್ಲಿ ಉಪಯೋಗಕ್ಕೆ ಬರ್ತದೆ ಅಂತ ನಾನು ಯೋಚನೆ ಮಾಡಿದ್ದೇ ಇಲ್ಲ.

ನಮ್ಮ ಕಡೆಯಿಂದ ಹಿಮಕ್ಕೆ ಹೋಗೋರು ತಿಳಿದಿರಬೇಕಾದ ಇನ್ನೂ ಮೂರು ಮಾತು. 4,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ. 60 ಮಾತ್ರ. ಎಂಜಿನ್‌ಗೂ ಉಸಿರು ಕಟ್ತದೆ, ನಮಗೂ. ತಲೆನೋವು, ವಾಂತಿ ಶುರುವಾದರೆ ಧೈರ್ಯ ತೋರಿಸೋದು ಬೇಡ, ಕೆಳಗೆ ಇಳೀಬೇಕು. ಎರಡನೇದು ಡೀಸೆಲ್. ಬಹಳ ಚಳಿಯಲ್ಲಿ ಸಾದಾ ಡೀಸೆಲ್‌ನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ತದೆ. ಲಡಾಖ್‌ಗಾಗಿ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೂ ಹರಿಯೋ ಚಳಿಗಾಲದ ಡೀಸೆಲ್ ತಂದದ್ದು ಇದಕ್ಕೇ. ಮೂರನೇದು ಎಲ್ಲಕ್ಕಿಂತ ಮುಖ್ಯ. ಹಿಮದಲ್ಲಿ ಸಿಕ್ಕೊಂಡು ಹೀಟರ್ ಹಾಕಿ ಕೂತರೆ, ಸೈಲೆನ್ಸರ್ ಬಾಯಿ ಹಿಮದಿಂದ ಮುಚ್ಚಿದೆಯಾ ಅಂತ ಇಳಿದು ನೋಡಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರ್ತದೆ. ಅದಕ್ಕೆ ವಾಸನೆ ಇಲ್ಲ. ನಿದ್ದೆ ಬಂದಂಗೆ ಅನಿಸಿ ಮತ್ತೆ ಏಳೋದೇ ಇಲ್ಲ.

ದಾರಿ ಬಿಟ್ಟು ಇಳಿಯೋ ಚಟವೂ ಬೇಡ. ಹಸಿ ಎರೆಯಲ್ಲಿ ಒಮ್ಮೆ ಬಿದ್ದ ಗಾಲಿ ಗುಂಡಿ ಅಡಿಯ ಮಣ್ಣನ್ನ ಇಟ್ಟಿಗೆಯಂತೆ ಒತ್ತಿಬಿಡ್ತದೆ, ಆ ಸಾಲಿನಲ್ಲಿ ತೊಗರಿ ಬೇರು ಇಳಿಯೋದಿಲ್ಲ. ಮೋಜಿಗೆ ಯಾರದೋ ಹೊಲ ತುಳಿಯೋದು ಆಫ್-ರೋಡ್ ಅಲ್ಲ. ಹರಿಯೋ ಹಳ್ಳಕ್ಕೂ ಗಾಡಿ ಇಳಿಸಬಾರದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನ ನಾವು ಮರೆತಿಲ್ಲ. ಎರಡು ಅಡಿ ನೀರಿಗೆ ಬಹಳಷ್ಟು ಕಾರುಗಳು ತೇಲೋಕೆ ಶುರು ಮಾಡ್ತವೆ. ತೇಲೋ ಗಾಡಿಗೆ ಟೈರೂ ಇಲ್ಲ, ಹಿಡಿತದ ಲೆಕ್ಕವೂ ಇಲ್ಲ.

ನಾವು ಮೂವರು ಒಂದಿನ ಸ್ಪಿತಿಗೆ ಹೋಗೇ ಹೋಗ್ತೀವಿ. ಅದಕ್ಕೂ ಮೊದಲು ಈ ಮಳೆಗಾಲದಲ್ಲಿ ಮೆಕ್ಯಾನಿಕಲ್, ಸಿವಿಲ್ ಎರಡೂ ಕಡೆಯ ಗೆಳೆಯರು ಸೇರಿ ನಮ್ಮ ಹೊಲಕ್ಕೆ ಹೋಗೋದು ಅಂತ ಆಗಿದೆ. ಮೂರೂ ಊರಿನ ಮಣ್ಣು ಲ್ಯಾಬಿಗೆ ತರೋದು, ಟೈರಿನ ಗಾಳಿ ಇಳಿಸಿ ಗಾಲಿ ಎಷ್ಟು ಇಳೀತದೆ ಅಂತ ಅಳೆಯೋದು, ಸರಪಳಿ ಎಲ್ಲಿ ಕಟ್ಟಬೇಕು ಅಂತ ಊರಿನ ಹುಡುಗರಿಗೆ ಚಿತ್ರ ಬರೆದು ತೋರಿಸೋದು. ಕಾಕಾಗೆ ಫೋನ್ ಮಾಡಿ ಬರಲೇನು ಅಂತ ಕೇಳಿದೆ.

"ಬರ್ರಿ ಬರ್ರಿ. ಮಳಿ ಆಗಿ ಎರಡ್ ದಿನ ಬಿಟ್ಟು ಬರ್ರಿ, ಮತ್ತ ಬರಾಗ ಸಲಿಕಿ ತರೋದು ಮರೀಬ್ಯಾಡ್ರಿ" ಅಂದ್ರು.